ರಾತ್ರಿ ಪಾಳಿಯ ಗಂಟೆಗಳು ಎಕ್ಸೆಲ್‌ನಲ್ಲಿ ಎಲ್ಲಿ ಹೋಗುತ್ತವೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ವಸತಿ ಸಮುಚ್ಚಯದ ಕಾವಲುಗಾರರ ಹಾಜರಿ, ಸಂಬಳದ ಲೆಕ್ಕ ನನ್ನ ಪಾಲಿಗಿದೆ. ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೋದವರ ಸಾಲಿನಲ್ಲಿ, ಹೋದ ಸಮಯದಿಂದ ಬಂದ ಸಮಯ ಕಳೆದರೆ ಸೆಲ್ ತುಂಬ ##### ಬರುತ್ತದೆ. ಹಾಗಾಗಿ 8:00 ಎಂದು ಕೈಯಲ್ಲೇ ತುಂಬಿದೆ. ಏಳು ರಾತ್ರಿಗಳನ್ನು ಕೂಡಿದರೆ ಮೊತ್ತವೂ 8:00! ಗಂಟೆಗೆ 75 ರೂಪಾಯಿಯಂತೆ ಗುಣಿಸಿದರೆ 175 ರೂಪಾಯಿ. ವಾರವಿಡೀ ನಿದ್ದೆಗೆಟ್ಟವರ ಕೈಗೆ 175 ರೂಪಾಯಿ ಕೊಡುವುದೇ?

ಉತ್ತರ: ನಮಸ್ಕಾರ ಸರ್. ಸಂಬಳ ಕೊಡುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ಎಕ್ಸೆಲ್ ಎಲ್ಲವನ್ನೂ ದಿನದ ಲೆಕ್ಕದಲ್ಲಿ ಇಡುತ್ತದೆ. 1900ರ ಜನವರಿ 1 ಅದಕ್ಕೆ 1ನೇ ದಿನ, ಮಧ್ಯಾಹ್ನ 12 ಗಂಟೆ ಎಂದರೆ ಅರ್ಧ ದಿನ, ಅಂದರೆ 0.5. ನಿಮ್ಮ 56 ಗಂಟೆ ಅದರ ಹೊಟ್ಟೆಯಲ್ಲಿ 2.3333 ದಿನವಾಗಿ ಕೂತಿದೆ. ಗಡಿಯಾರದ ರೂಪದಲ್ಲಿ ತೋರಿಸುವಾಗ ಎರಡು ಪೂರ್ತಿ ದಿನಗಳನ್ನು ಬಿಟ್ಟು, ಉಳಿದ 8 ಗಂಟೆಯನ್ನಷ್ಟೇ ತೋರಿಸುತ್ತದೆ. ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಕಸ್ಟಮ್ ಆರಿಸಿ [ಎಚ್]:ಎಂಎಂ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ([h]:mm) ಕೊಡಿ, ಚೌಕ ಆವರಣ ಬಿಡಬೇಡಿ, 56:00 ಕಾಣಿಸುತ್ತದೆ. ಸಂಬಳಕ್ಕೆ ಆ ಮೊತ್ತವನ್ನು ಮೊದಲು 24ರಿಂದ, ಆಮೇಲೆ 75ರಿಂದ ಗುಣಿಸಿ. 4,200 ರೂಪಾಯಿ ಬರಬೇಕು.

ಇನ್ನು #####. 6ರಿಂದ 22 ಕಳೆದರೆ ಋಣ ಸಂಖ್ಯೆ. ಅದನ್ನು ಸಮಯವಾಗಿ ತೋರಿಸಲು ಎಕ್ಸೆಲ್‌ಗೆ ಬಾರದು. ಬಂದ ಸಮಯ ಬಿ2ರಲ್ಲಿ, ಹೋದ ಸಮಯ ಸಿ2ರಲ್ಲಿ ಇದ್ದರೆ, =ಎಂಓಡಿ(ಸಿ2-ಬಿ2,1), ಅಂದರೆ =MOD(C2-B2,1) ಎಂದು ಬರೆದರೆ 8:00 ಸಿಗುತ್ತದೆ.

ಇನ್ನೊಬ್ಬ ಸದಸ್ಯರು: ಈ ಸೂತ್ರವನ್ನೇ ನಾನೂ ಬಳಸುತ್ತಿದ್ದೆ ಮೇಡಂ. ಯುಗಾದಿಯಂದು ಬದಲಿ ಆಳು ಬಾರದೆ ನಮ್ಮಲ್ಲಿ ಒಬ್ಬರು ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ಗೇಟಿನಲ್ಲೇ ಇದ್ದರು. ಹಾಳೆಯಲ್ಲಿ ಅವರ ಗಂಟೆ 0:00.

ಉತ್ತರ: ಇದನ್ನು ನಾನೇ ಹೇಳಬೇಕಿತ್ತು. ಆ ಸೂತ್ರ ಪೂರ್ತಿ ದಿನಗಳನ್ನು ಕಿತ್ತುಹಾಕುತ್ತದೆ, 24 ಗಂಟೆ ದುಡಿದವರಿಗೆ ಸೊನ್ನೆಯೇ ಗತಿ. ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವರಿಗೇ ಅನ್ಯಾಯವಾಗುತ್ತದೆ. ಆದ್ದರಿಂದ ಸಂಬಳದ ಹಾಳೆಯಲ್ಲಿ ಬಂದದ್ದು, ಹೋದದ್ದು ಎರಡಕ್ಕೂ ದಿನಾಂಕ ಮತ್ತು ಸಮಯವನ್ನು ಒಂದೇ ಸೆಲ್‌ನಲ್ಲಿ, ನಡುವೆ ಒಂದು ಜಾಗ ಬಿಟ್ಟು ತುಂಬಿ. ಆಗ ಬರೀ ಕಳೆದರೆ ಸಾಕು, ಯಾವ ಉಪಾಯವೂ ಬೇಡ. ಉತ್ತರದ ಸೆಲ್‌ಗೂ ಅದೇ [ಎಚ್]:ಎಂಎಂ.

ಪ್ರಶ್ನೆ: 56:00, 4,200 ಎರಡೂ ಬಂದವು, ಧನ್ಯವಾದ. ದಿನಾಂಕದ ಮಾತು ಬಂದಿತಲ್ಲ, ಹಾಜರಿ ಯಂತ್ರದಿಂದ ಬಂದ ಏಪ್ರಿಲ್‌ನ ಸಿಎಸ್‌ವಿ ಕಡತದಲ್ಲಿ 13ನೇ ತಾರೀಖಿನಿಂದಾಚೆಯ ದಿನಾಂಕಗಳೆಲ್ಲ ಎಡಕ್ಕೆ ಅಂಟಿಕೊಂಡಿವೆ. ಉಳಿದವು ಬಲಕ್ಕಿವೆ. ಎಡಕ್ಕಿರುವುದನ್ನು ಸರಿಪಡಿಸಿದರೆ ಸಾಕಲ್ಲವೇ?

ಉತ್ತರ: ಸಾಲದು ಸರ್. ಬಲಕ್ಕಿರುವವೇ ಕೆಟ್ಟಿರುವುದು. ನಿಮ್ಮ ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿ ತಿಂಗಳನ್ನು ಮೊದಲು ಓದುತ್ತಿದೆ. 13ನೇ ತಿಂಗಳು ಇಲ್ಲದ ಕಾರಣ 13/04/2025 ಬರೀ ಪಠ್ಯವಾಗಿ ಎಡಕ್ಕೆ ಉಳಿಯಿತು. 03/04/2025 ಮಾತ್ರ ಸದ್ದಿಲ್ಲದೆ ಮಾರ್ಚ್ 4 ಆಗಿದೆ. ಆ ಸೆಲ್‌ನ ಫಾರ್ಮ್ಯಾಟನ್ನು ಜನರಲ್ ಮಾಡಿ ನೋಡಿ: ಏಪ್ರಿಲ್ 3 ಆಗಿದ್ದರೆ 45750 ಇರಬೇಕು, ನಿಮಗೆ 45720 ಕಾಣುತ್ತದೆ.

ಒಂದೊಂದನ್ನೇ ತಿದ್ದಲು ಕೂರಬೇಡಿ. ಈ ಹಾಳೆಯನ್ನು ಉಳಿಸದೆ ಮುಚ್ಚಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ರೀಜನಲ್ ಫಾರ್ಮ್ಯಾಟನ್ನು ಇಂಗ್ಲಿಷ್-ಇಂಡಿಯಾ ಎಂದು ಬದಲಿಸಿ, ಯಂತ್ರದಿಂದ ಬಂದ ಮೂಲ ಕಡತವನ್ನೇ ಮತ್ತೆ ತೆರೆಯಿರಿ. ಉಳಿಸಿಬಿಟ್ಟಿದ್ದರೆ ಯಂತ್ರದಿಂದ ಇನ್ನೊಮ್ಮೆ ಇಳಿಸಿಕೊಳ್ಳಿ.

ಪ್ರಶ್ನೆ: ಉಳಿಸಿಬಿಟ್ಟಿದ್ದೆ ಮೇಡಂ. ಮತ್ತೆ ಇಳಿಸಿಕೊಂಡೆ, ಈಗ ಮೂವತ್ತೂ ದಿನ ಬಲಕ್ಕಿವೆ. 3ನೇ ತಾರೀಖಿಗೆ 45750.