‘ವ್ಯಾಲೆಂಟೈನ್’ ಓದಲು ಹೆದರಿಕೆ, ಓದಿದವರು ಹೇಳ್ತೀರಾ?

ಪ್ರಶ್ನೆ, ಸಾಗರದಿಂದ: ಈ ತಿಂಗಳು ನಮ್ಮ ಓದುಗರ ಗುಂಪಿಗೆ ಎಲಿಜಬೆತ್ ವೆಟ್ಮೋರ್ ಅವರ ಕಾದಂಬರಿ ‘ವ್ಯಾಲೆಂಟೈನ್’ (2020). 14 ವರ್ಷದ ಹುಡುಗಿಯ ಮೇಲಾದ ಅತ್ಯಾಚಾರದ ಕತೆಯಂತೆ. ಇಂಥದ್ದು ಓದಿದರೆ ನನಗೆ ನಿದ್ದೆ ಬರುವುದಿಲ್ಲ. ಏನು ಮಾಡಲಿ?

ಹೂಸ್ಟನ್‌ನಿಂದ: ಓದಿ. ಕೃತ್ಯವನ್ನು ಅವರು ಬಿಡಿಸಿ ಬರೆದಿಲ್ಲ. ಕತೆ ಶುರುವಾಗುವುದೇ ಮಾರನೆಯ ಬೆಳಿಗ್ಗೆ. 1976ರ ಫೆಬ್ರವರಿ, ಪಶ್ಚಿಮ ಟೆಕ್ಸಾಸ್‌ನ ಒಡೆಸ್ಸಾ ಹೊರಗಿನ ಎಣ್ಣೆ ಬಾವಿಗಳ ಬಯಲು. ಅತ್ಯಾಚಾರ ಮಾಡಿದವನಿನ್ನೂ ಟ್ರಕ್ಕಿನಲ್ಲಿ ನಿದ್ದೆಯಲ್ಲಿದ್ದಾನೆ. ಆ ಹುಡುಗಿ ಗ್ಲೋರಿಯಾ ಬರಿಗಾಲಲ್ಲಿ ನಡೆದು ಮೇರಿ ರೋಸ್ ಎಂಬ ಹೆಂಗಸಿನ ಮನೆ ಬಾಗಿಲಿಗೆ ಬರುತ್ತಾಳೆ. ಮೇರಿ ರೋಸ್ ಬಸುರಿ. ಅವನು ಹುಡುಕಿಕೊಂಡು ಬಂದಾಗ ಬಂದೂಕು ಹಿಡಿದು ಎದುರು ನಿಲ್ಲುತ್ತಾಳೆ.

ನಿಜವಾಗಿ ನಿದ್ದೆ ಕೆಡಿಸುವುದು ಆಮೇಲಿನ ಊರಿನ ಮಾತು. 1973ರ ನಂತರ ಎಣ್ಣೆ ಬೆಲೆ ಏರಿ, ಕೆಲಸ ಹುಡುಕಿಕೊಂಡು ಗಂಡಸರು ಬಂದು ತುಂಬಿಕೊಂಡ ಊರು ಅದು. ಎಲ್ಲರ ಅನ್ನವೂ ಎಣ್ಣೆಯದೇ. ಹಾಗಾಗಿ ಊರಿನವರಿಗೆ ಎಣ್ಣೆ ಕೆಲಸದ ಆ ಹುಡುಗ ‘ನಮ್ಮವನು’, ಮೆಕ್ಸಿಕನ್ ಹುಡುಗಿಯದೇ ತಪ್ಪು. ಸಾಕ್ಷಿ ಹೇಳುತ್ತೇನೆ ಅಂದ ಮೇರಿ ರೋಸ್‌ಗೆ ಬೆದರಿಕೆ ಫೋನುಗಳು ಬೇರೆ. ಇದಕ್ಕೆ ಟೆಕ್ಸಾಸೇ ಆಗಬೇಕಿಲ್ಲ, ಅಲ್ವಾ?

ಧಾರವಾಡದಿಂದ: ಕೋರ್ಟಿನ ಭಾಗವನ್ನು ಹಗಲು ಹೊತ್ತಿನಲ್ಲೇ ಓದಿ. ಈಗಲೇ ಹೇಳಿಬಿಡುತ್ತೇನೆ, ತೀರ್ಪು ಹೊಟ್ಟೆ ಉರಿಸುತ್ತದೆ. ಗೊತ್ತಿದ್ದು ಓದಿದರೆ ಏಟು ಕಡಿಮೆ. ಉಸಿರಾಡಲು ಜಾಗವೂ ಇದೆ ಮಾರಾಯ್ರೆ. ಗಂಡನನ್ನು ಕಳೆದುಕೊಂಡ ನಿವೃತ್ತ ಟೀಚರ್ ಕೊರಿನ್ ಇದ್ದಾಳೆ. ಸಿಗರೇಟು, ವಿಸ್ಕಿ, ಹರಿತ ನಾಲಿಗೆ. ತಾಯಿ ಬಿಟ್ಟುಹೋದ ಪುಟ್ಟ ಡೆಬ್ರಾ ಆನ್, ಚರಂಡಿ ಪೈಪಿನಲ್ಲಿ ವಾಸ ಮಾಡುವ ಮಾಜಿ ಸೈನಿಕನಿಗೆ ಗುಟ್ಟಾಗಿ ಊಟ ಒಯ್ಯುತ್ತಾಳೆ. ಇವರಿಬ್ಬರಿಗಾಗಿಯೇ ನಾನು ಪುಟ ತಿರುಗಿಸಿದೆ.

ಪುತ್ತೂರಿನಿಂದ: ಆಗದಿದ್ದರೆ ಬಿಡಿ. ನಾನು ಅರ್ಧಕ್ಕೆ ನಿಲ್ಲಿಸಿ, ಗುಂಪಿನಲ್ಲಿ ಸುಮ್ನೆ ಕೂತು ಕೇಳಿದೆ. ಯಾರೂ ಏನೂ ಅನ್ನಲಿಲ್ಲ.

ಮೈಸೂರಿನಿಂದ: ನಮ್ಮ ಗುಂಪು ಇದನ್ನು ಓದಿ ಮುಗಿಸಿದೆ. ಜಾಸ್ತಿ ಜಗಳ ಆದದ್ದು ಒಂದೇ ವಿಷಯಕ್ಕೆ: ಪೆಟ್ಟು ತಿಂದವಳು ಗ್ಲೋರಿಯಾ, ಆದರೆ ಪುಟಗಳು ಹೆಚ್ಚು ಸಿಕ್ಕಿದ್ದು ಸುತ್ತಲಿನ ಬಿಳಿಯ ಹೆಂಗಸರಿಗೆ. ನನಗೂ ಅದು ಕೊರತೆಯೇ ಅನಿಸಿತು. ‘ನಮ್ಮೂರಲ್ಲಾದರೆ ಯಾರು ಸಾಕ್ಷಿ ಹೇಳುತ್ತಿದ್ದರು?’ ಅಂತ ಒಬ್ಬರು ಕೇಳಿದರು. ಆಮೇಲೆ ಮಾತು ಪುಸ್ತಕಕ್ಕೆ ಮರಳಲೇ ಇಲ್ಲ.

ಇನ್ನೊಂದು ಮಾತು. ಯಾರಾದರೂ ತಮ್ಮದೇ ಕತೆ ಹೇಳತೊಡಗಿದರೆ ಕಾದಂಬರಿ ಪಕ್ಕಕ್ಕಿಡಿ. ‘ಆಗಲೇ ಯಾಕೆ ಹೇಳಲಿಲ್ಲ?’ ಅಂತ ಮಾತ್ರ ಕೇಳಬೇಡಿ. ಮಹಿಳಾ ಸಹಾಯವಾಣಿ 181 ಎಲ್ಲರ ಫೋನಿನಲ್ಲೂ ಇರಲಿ.

ಸಾಗರದಿಂದ: ಥ್ಯಾಂಕ್ಸ್ ಎಲ್ಲರಿಗೂ. ಹಾಗಾದರೆ ಕೊರಿನ್ ಭಾಗದಿಂದಲೇ ಶುರು ಮಾಡಲಾ?

ಹೂಸ್ಟನ್‌ನಿಂದ: ಬೇಡ, ಮೊದಲಿನಿಂದಲೇ ಓದಿ. ಆದರೆ ಮೊದಲ ಎರಡು ಅಧ್ಯಾಯ ಒಂದೇ ಸಲಕ್ಕೆ ಮುಗಿಸಿ. ಎರಡನೆಯದು ಮುಗಿಯುವಷ್ಟರಲ್ಲಿ ಹುಡುಗಿ ಆ ಮನೆಯೊಳಗೆ ಇರುತ್ತಾಳೆ.