ಗುಡ್‌ಸ್ಪ್ರಿಂಗ್ಸ್: ಡಾಕ್ ಮಿಚೆಲ್ ಮನೆಯಿಂದ ಹೊರಬಂದರೆ ಕ್ರ್ಯಾಶ್, ಕಾಳಗದ ಕ್ವೆಸ್ಟ್ ಮುಗಿಯುತ್ತಿಲ್ಲ

ಪ್ರಶ್ನೆ

ಫಾಲ್‌ಔಟ್ ನ್ಯೂ ವೇಗಸ್ ಗೇಮ್, ಸ್ಟೀಮ್ ಆವೃತ್ತಿ, ವಿಂಡೋಸ್ 11, 16 ಜಿಬಿ ರ‍್ಯಾಮ್. ಆಟ ಶುರುವಾಗುವ ಡಾಕ್ ಮಿಚೆಲ್ ಮನೆಯೊಳಗೆ ತೊಂದರೆಯಿಲ್ಲ. ಬಾಗಿಲು ದಾಟಿ ಗುಡ್‌ಸ್ಪ್ರಿಂಗ್ಸ್ ಊರಿಗೆ ಬಂದರೆ ಮೂರರಲ್ಲಿ ಎರಡು ಸಲ ಲೋಡಿಂಗ್ ಪರದೆಯಲ್ಲೇ ಗೇಮ್ ಮುಚ್ಚಿಹೋಗುತ್ತದೆ. ಹೊರಬಂದರೂ ಕೌಂಟರ್ 60 ಎಫ್‌ಪಿಎಸ್ (ಸೆಕೆಂಡಿಗೆ ಫ್ರೇಮ್‌ಗಳ ಸಂಖ್ಯೆ) ತೋರಿಸುತ್ತಿರುವಾಗಲೇ ಚಿತ್ರ ತಡವರಿಸುತ್ತದೆ. ಊರಿನವರ ಜೊತೆ ಸೇರಿ ಪೌಡರ್ ಗ್ಯಾಂಗರ್ ದರೋಡೆಕೋರರ ವಿರುದ್ಧ ಕಾದಾಡುವ ‘ಘೋಸ್ಟ್ ಟೌನ್ ಗನ್‌ಫೈಟ್’ನಲ್ಲಿ ಅವರ ನಾಯಕ ಜೋ ಕಾಬ್ ಸತ್ತ ಮೇಲೂ ಕ್ವೆಸ್ಟ್ (ಆಟದ ಕಾರ್ಯ) ಮುಗಿಯುವುದಿಲ್ಲ. ಹಾಕಿರುವುದು: ಊರಿನ ರೂಪ ಬದಲಿಸುವ ಎರಡು ಮಾಡ್‌ಗಳು (ಆಟಗಾರರೇ ಮಾಡಿದ ಸೇರ್ಪಡೆಗಳು), 4ಕೆ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಪ್ಯಾಕ್, ಕ್ರ್ಯಾಶ್ ತಡೆಯುವ ಎನ್‌ವಿಎಸಿ, ತಡವರಿಕೆ ತಗ್ಗಿಸುವ ಸ್ಟಟರ್ ರಿಮೂವರ್. ಸೆಟ್ಟಿಂಗ್ಸ್ ಫೈಲ್ ಆದ ಐಎನ್‌ಐನಲ್ಲಿ, ಸುತ್ತಲಿನ ಎಷ್ಟು ಜಾಗ ತೆರೆಯಬೇಕೆಂದು ಹೇಳುವ ಯುಗ್ರಿಡ್ಸ್‌ಟುಲೋಡ್ 7.

ಉತ್ತರ 1

ಮೆನು ಬರುವ ಮೊದಲೇ ಬಿದ್ದಿದ್ದರೆ ಯಾವುದೋ ಮಾಡ್‌ಗೆ ಬೇಕಾದ ಮಾಸ್ಟರ್ (ಮೂಲ) ಫೈಲ್ ಇಲ್ಲ ಎನ್ನಬಹುದಿತ್ತು. ಮನೆಯೊಳಗೆ ಸರಿಯಿದ್ದು ಬಾಗಿಲಲ್ಲಿ ಬೀಳುತ್ತಿದೆ ಎಂದರೆ ಮೊದಲು ನೋಡಬೇಕಾದದ್ದು ಮೆಮೊರಿ. ಮನೆ ಒಂದೇ ಒಂದು ಒಳಾಂಗಣ ಸೆಲ್, ಅಂದರೆ ಗೇಮ್ ಲೋಡ್ ಮಾಡುವ ಜಾಗದ ಒಂದು ತುಂಡು. ಹೊರಗೆ ಕಾಲಿಟ್ಟೊಡನೆ ಮೊಹಾವಿ ಮರುಭೂಮಿಯ ಸೆಲ್‌ಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಯುಗ್ರಿಡ್ಸ್ 5 ಇದ್ದರೆ 25 ಸೆಲ್, 7 ಮಾಡಿದರೆ 49. ಸುಮಾರು ಎರಡು ಪಟ್ಟು!

ಗೇಮ್ 32 ಬಿಟ್‌ನದು, 2010ರದು. ನಿಮ್ಮಲ್ಲಿ 16 ಜಿಬಿ ಇದ್ದರೂ ಪ್ಯಾಚ್ ಇಲ್ಲದ ಇಎಕ್ಸ್‌ಇ (ಗೇಮ್ ಓಡಿಸುವ) ಫೈಲ್ ಬಳಸುವುದು 2 ಜಿಬಿ ವಿಳಾಸ ಜಾಗ (ಅದಕ್ಕೆ ಎಟುಕುವ ಮೆಮೊರಿ) ಮಾತ್ರ. ಗೇಮ್ ಬಳಸುವ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್ 9ರಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆ ಹೋದ ಟೆಕ್ಸ್ಚರ್‌ನ ಇನ್ನೊಂದು ಪ್ರತಿ ಸಾಮಾನ್ಯವಾಗಿ ಈ ಜಾಗದಲ್ಲೂ ಉಳಿಯುತ್ತದೆ. 4096 ಅಳತೆಯ ಒಂದು ಟೆಕ್ಸ್ಚರ್, ಡಿಎಕ್ಸ್‌ಟಿ5 ವಿಧಾನದಲ್ಲಿ ಕುಗ್ಗಿಸಿದ್ದು, ಮಿಪ್‌ಮ್ಯಾಪ್ (ಅದರ ಚಿಕ್ಕ ಪ್ರತಿಗಳು) ಸೇರಿ ಸುಮಾರು 21 ಎಂಬಿ, 2048ರದು 5 ಎಂಬಿಗೆ ತುಸು ಹೆಚ್ಚು. 4ಕೆ ಟೆಕ್ಸ್ಚರ್ ನೂರು ಬಂದರೆ 2 ಜಿಬಿ ಮುಗಿದುಹೋಯಿತು. ಡಬ್ಬಿ, ಬಾಟಲಿ, ಬೇಲಿಯಂಥವಕ್ಕೆ 1024 ಧಾರಾಳವಾಯಿತು, ನೆಲಕ್ಕೆ 2048 ಸಾಕು.

ಈ ಕ್ರಮದಲ್ಲೇ ಮಾಡಿ. ಯುಗ್ರಿಡ್ಸ್ ಅನ್ನು 5ಕ್ಕೆ ತನ್ನಿ. ಮಾಡ್‌ಗಳನ್ನು ನಿರ್ವಹಿಸುವ ಮಾಡ್ ಆರ್ಗನೈಸರ್ ಬಳಸುತ್ತಿದ್ದರೆ ಪ್ರೊಫೈಲ್‌ಗೇ ಬೇರೆ ಐಎನ್‌ಐ ಇರಬಹುದು, ಡಾಕ್ಯುಮೆಂಟ್ಸ್ ಫೋಲ್ಡರಿನದನ್ನು ತಿದ್ದಿ ಏನೂ ಬದಲಾಗಲಿಲ್ಲ ಎಂದು ತಲೆಕೆಡಿಸಿಕೊಳ್ಳುವವರು ಬಹಳ. ಗೇಮ್ ಪ್ರೋಗ್ರಾಮ್ ಫೈಲ್ಸ್ ಒಳಗಿದ್ದರೆ ಬೇರೆ ಜಾಗಕ್ಕೆ ಸರಿಸಿ, ಅಲ್ಲಿ ಬರೆಯಲು ವಿಂಡೋಸ್ ಬಿಡುವುದಿಲ್ಲ. ಆಮೇಲೆ ಗೇಮ್‌ಗೆ 4 ಜಿಬಿವರೆಗೆ ಬಳಸಲು ಬಿಡುವ 4 ಜಿಬಿ ಪ್ಯಾಚರ್ ಅನ್ನು ಫಾಲ್‌ಔಟ್‌ಎನ್‌ವಿ ಇಎಕ್ಸ್‌ಇ ಪಕ್ಕದಲ್ಲಿಟ್ಟು ಒಮ್ಮೆ ಓಡಿಸಿ. ಸ್ಟೀಮ್‌ನಲ್ಲಿ ‘ವೆರಿಫೈ’ ಒತ್ತಿದರೆ ಹಳೆಯ ಇಎಕ್ಸ್‌ಇ ವಾಪಸ್ ಬರುತ್ತದೆ, ಆಗ ಪ್ಯಾಚರ್ ಮತ್ತೆ ಓಡಿಸಬೇಕು. ನಂತರ ಸ್ಕ್ರಿಪ್ಟ್ ಶಕ್ತಿ ಹೆಚ್ಚಿಸುವ ಎಕ್ಸ್‌ಎನ್‌ವಿಎಸ್‌ಇ, ಅದರ ಮೇಲೆ ಓಡುವ ಜೆಐಪಿ ಎಲ್‌ಎನ್, ತಡವರಿಕೆ ತಿದ್ದುವ ಎನ್‌ವಿಟಿಎಫ್ ಹಾಕಿ. ಗೇಮ್‌ನಲ್ಲಿ ಕನ್ಸೋಲ್ (ಆದೇಶ ಬರೆಯುವ ಕಿಟಕಿ) ತೆರೆದು ಗೆಟ್‌ಎನ್‌ವಿಎಸ್‌ಇವರ್ಶನ್ ಎಂದು ಬರೆಯಿರಿ. ಸಂಖ್ಯೆ ಬಂದರೆ ಎಕ್ಸ್‌ಎನ್‌ವಿಎಸ್‌ಇ ಸರಿಯಾಗಿ ಕೂತಿದೆ.

ಎನ್‌ವಿಎಸಿ, ಸ್ಟಟರ್ ರಿಮೂವರ್ ಎರಡನ್ನೂ ದಯವಿಟ್ಟು ತೆಗೆಯಿರಿ. ಎನ್‌ವಿಎಸಿ ಕ್ರ್ಯಾಶ್ ಅನ್ನು ಗುಣಪಡಿಸುವುದಿಲ್ಲ, ನುಂಗಿಕೊಳ್ಳುತ್ತದೆ. ಕೆಟ್ಟ ಸ್ಥಿತಿಯಲ್ಲೇ ಗೇಮ್ ಮುಂದುವರಿದು ಅದೇ ಸೇವ್ ಆಗುತ್ತದೆ. ಅದರ ಬದಲು ಕ್ರ್ಯಾಶ್ ಲಾಗರ್ ಹಾಕಿದರೆ ಬಿದ್ದ ಗಳಿಗೆಯಲ್ಲಿ ಯಾವ ಮಾಡ್ ಮುಟ್ಟಲಾಗುತ್ತಿತ್ತು ಎಂಬ ಸುಳಿವಾದರೂ ಸಿಗುತ್ತದೆ. ಗೇಮ್ ಫೋಲ್ಡರಿನಲ್ಲಿ ಹಿಂದೆ ಹಾಕಿದ ಗ್ರಾಫಿಕ್ಸ್ ಫೈಲ್ ಡಿ3ಡಿ9 ಡಿಎಲ್‌ಎಲ್ ಉಳಿದಿದ್ದರೆ ಅದನ್ನೂ ಅಳಿಸಿ.

ತಡವರಿಕೆಗೆ ಕಾರಣ ಬೇರೆ. ಗೇಮ್ ಸಮಯ ಅಳೆಯುವುದು ವಿಂಡೋಸಿನ ಗೆಟ್‌ಟಿಕ್‌ಕೌಂಟ್ ಎಂಬ ಗಡಿಯಾರದಿಂದ. ಅದರ ಸೂಕ್ಷ್ಮತೆ 10ರಿಂದ 16 ಮಿಲಿಸೆಕೆಂಡ್. 60 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್. ಗೇಣಿನಲ್ಲಿ ಗೇಣನ್ನು ಅಳೆದ ಹಾಗೆ: ಒಂದು ಫ್ರೇಮ್ 16 ಎಂದು ಲೆಕ್ಕವಾದರೆ ಇನ್ನೊಂದು 31 ಆಗುತ್ತದೆ. ಅದಕ್ಕೇ ಕೌಂಟರ್ 60 ಇದ್ದರೂ ಕಣ್ಣಿಗೆ ನಡುಕ. ಎನ್‌ವಿಟಿಎಫ್ ತಿದ್ದುವುದು ಇದನ್ನೇ. ಐಎಫ್‌ಪಿಎಸ್‌ಕ್ಲ್ಯಾಂಪ್ (ಗೇಮ್‌ನ ಸಮಯವನ್ನು ಒಂದೇ ಎಫ್‌ಪಿಎಸ್‌ಗೆ ಕಟ್ಟಿಹಾಕುವ ಸೆಟ್ಟಿಂಗ್) 60 ಮಾಡಿ ಎಂಬ ಹಳೆಯ ಸಲಹೆ ಬೇಡ, ಎಫ್‌ಪಿಎಸ್ 40ಕ್ಕೆ ಇಳಿದಾಗ ಇಡೀ ಗೇಮ್ ನಿಧಾನವಾಗುತ್ತದೆ.

ಉತ್ತರ 2

ಮೇಲಿನದು ಸರಿ. ಆದರೆ ಕ್ವೆಸ್ಟ್ ಮುಗಿಯದಿರುವುದಕ್ಕೆ ನನ್ನ ಅನುಮಾನ ಆ ಎರಡು ಊರ ಮಾಡ್‌ಗಳ ಮೇಲೆ. ಪಾತ್ರಗಳು ನಡೆಯುವುದು ನವ್‌ಮೆಶ್ ಎಂಬ ಅದೃಶ್ಯ ಹಾಸಿನ ಮೇಲೆ. ಊರಿನ ಪ್ರಾಸ್ಪೆಕ್ಟರ್ ಸಲೂನ್‌ಗೆ ಮಾದರಿ ನೆವಾಡಾದ ನಿಜವಾದ ಗುಡ್‌ಸ್ಪ್ರಿಂಗ್ಸ್‌ನಲ್ಲಿ 1913ರಲ್ಲಿ ಕಟ್ಟಿದ ಪಯೋನೀರ್ ಸಲೂನ್. ಅದಕ್ಕೆ ಹತ್ತಿರ ತರಲೆಂದು ಒಂದು ಮಾಡ್ ಜಗಲಿ, ಬೇಲಿ ಸರಿಸುತ್ತದೆ, ಇನ್ನೊಂದು ಅದೇ ಸೆಲ್‌ನಲ್ಲಿ ಗುಡಿಸಲು ನಿಲ್ಲಿಸುತ್ತದೆ ಎನ್ನಿ. ಗೆಲ್ಲುವುದು ಕೊನೆಗೆ ಲೋಡ್ ಆದ ಮಾಡ್‌ನ ಹಾಸು. ಮೊದಲನೆಯದರ ಬೇಲಿ ಕಣ್ಣಿಗೆ ಇದೆ, ಹಾಸಿನ ಲೆಕ್ಕದಲ್ಲಿ ಇಲ್ಲ. ಪೌಡರ್ ಗ್ಯಾಂಗರ್‌ಗಳು ಬೇಲಿಗೆ ಮುಖ ಕೊಟ್ಟು ಓಡುತ್ತಲೇ ಇರುತ್ತಾರೆ. ಅವರಲ್ಲಿ ಒಬ್ಬ ಉಳಿದರೂ ಕಾಳಗ ಮುಗಿದ ಲೆಕ್ಕಕ್ಕೆ ಬರುವುದಿಲ್ಲ.

ಮಾಡ್‌ಗಳ ಒಳಗನ್ನು ತೋರಿಸುವ ಎಫ್‌ಎನ್‌ವಿಎಡಿಟ್‌ನಲ್ಲಿ ಎರಡೂ ಮಾಡ್ ತೆರೆದು ಸಂಘರ್ಷ ತೋರಿಸುವ ಫಿಲ್ಟರ್ ಹಾಕಿ. ಗುಡ್‌ಸ್ಪ್ರಿಂಗ್ಸ್ ಸೆಲ್‌ಗಳಲ್ಲಿ ಒಂದೇ ನವ್‌ಮೆಶ್ ಎರಡರಲ್ಲೂ ಕಂಡರೆ ಒಂದನ್ನು ಬಿಡಿ. ನವ್‌ಮೆಶ್ ಅಳಿಸಲಾಗಿದೆ ಎಂಬ ಗುರುತಿದ್ದರಂತೂ ಆ ಮಾಡ್ ಇಟ್ಟುಕೊಳ್ಳಲೇಬೇಡಿ, ಅದು ತಾನಾಗಿಯೇ ಕ್ರ್ಯಾಶ್‌ಗೆ ಕಾರಣ.

ಮರುಪ್ರಶ್ನೆ

ಉತ್ತರ 1ರಂತೆ ಮಾಡಿದ ಮೇಲೆ ಬಾಗಿಲಲ್ಲಿ ಹತ್ತು ಸಲ ಓಡಾಡಿದರೂ ಬೀಳಲಿಲ್ಲ, ನಡುಕವೂ ಹೋಯಿತು. ಒಂದು ಊರ ಮಾಡ್ ತೆಗೆದಿದ್ದೇನೆ. ಆದರೂ ಹಳೆಯ ಸೇವ್‌ನಲ್ಲಿ ಇಬ್ಬರು ಗ್ಯಾಂಗರ್‌ಗಳು ಇನ್ನೂ ಅಲ್ಲೇ ನಿಂತಿದ್ದಾರೆ.

ಉತ್ತರ 2

ಅವರು ನಿಂತ ಜಾಗ ಸೇವ್‌ನಲ್ಲೇ ದಾಖಲಾಗಿದೆ. ಮ್ಯಾಪ್‌ನ ಗುರುತು ಹಿಡಿದು ಹತ್ತಿರ ಹೋಗಿ, ಕನ್ಸೋಲ್ ತೆರೆದು ಅವರ ಮೇಲೆ ಕ್ಲಿಕ್ ಮಾಡಿ, ಮೂವ್‌ಟು ಪ್ಲೇಯರ್ ಎಂದು ಬರೆಯಿರಿ. ಎದುರಿಗೆ ಬಂದವನನ್ನು ಬಂದೂಕಿನಿಂದಲೇ ಮುಗಿಸಿ. ಗೋಡೆಯೊಳಗೆ ಸಿಕ್ಕಿದ್ದರೆ ಟಿಸಿಎಲ್ (ಗೋಡೆ ಹಾಯ್ದು ಹೋಗಲು ಬಿಡುವ ಆದೇಶ) ಬರೆದು ಒಳಹೊಕ್ಕು ಹುಡುಕಿ, ಹೊರಬಂದು ಮತ್ತೆ ಟಿಸಿಎಲ್ ಬರೆಯಲು ಮರೆಯಬೇಡಿ. ಹಂತ ಬದಲಿಸುವ ಸೆಟ್‌ಸ್ಟೇಜ್ ಆದೇಶದಿಂದ ಕ್ವೆಸ್ಟ್ ಅನ್ನು ತಳ್ಳಬೇಡಿ, ನಡುವಿನ ಹಂತಗಳ ಸ್ಕ್ರಿಪ್ಟ್‌ಗಳು ತಪ್ಪಿಹೋಗಬಹುದು.

ಯುಗ್ರಿಡ್ಸ್ 7ರಲ್ಲಿ ಉಳಿಸಿದ ಸೇವ್ 5ರಲ್ಲಿ ತೆರೆಯುವಾಗ ಬೀಳುವುದುಂಟು. ಹಾಗಾದರೆ ಹೊಸ ಆಟವೇ ಒಳ್ಳೆಯದು, ಇನ್ನೂ ಮೊದಲ ಊರಿನಲ್ಲೇ ಇದ್ದೀರಿ. ಆಗ ಊರಿನವರನ್ನು ಕಾಳಗಕ್ಕೆ ಒಪ್ಪಿಸಲು ಬೇಕಾದ ಕೌಶಲಗಳನ್ನೂ ನೋಡಿಕೊಳ್ಳಿ: ಟ್ರೂಡಿಗೆ ಸ್ಪೀಚ್ ಅಥವಾ ಸ್ನೀಕ್, ಚೆಟ್‌ಗೆ ಬಾರ್ಟರ್, ಈಜಿ ಪೀಟ್‌ಗೆ ಎಕ್ಸ್‌ಪ್ಲೋಸಿವ್ಸ್, ಡಾಕ್ ಮಿಚೆಲ್‌ಗೆ ಮೆಡಿಸಿನ್, ಎಲ್ಲವೂ 25. ಕೌಶಲಕ್ಕೆ ಸಂಬಂಧಿಸಿದ ಗುಣ 5, ಲಕ್ 5 ಇದ್ದರೆ ಶುರುವಿನಲ್ಲಿ 15 ಇರುತ್ತದೆ. ಟ್ಯಾಗ್ ಮಾಡಿದರೆ (ಶುರುವಿನಲ್ಲಿ ಮುಖ್ಯ ಕೌಶಲವಾಗಿ ಆರಿಸಿದರೆ) 30. ಟ್ಯಾಗ್ ಇಲ್ಲದಿದ್ದರೆ ಅದೇ ಕೌಶಲದ ಮ್ಯಾಗಜೀನ್ ಓದಿ, 10 ಸೇರಿ ಸರಿಯಾಗಿ 25 ಆಗುತ್ತದೆ. ಪರಿಣಾಮ ಒಂದೇ ನಿಮಿಷ, ಹಾಗಾಗಿ ಅವರ ಎದುರು ನಿಂತ ಮೇಲೆಯೇ ಓದಿ. ಎಲ್ಲರೂ ಒಪ್ಪಿದ ಮೇಲೆ, ಗ್ಯಾಂಗರ್‌ಗಳು ಬೆನ್ನುಹತ್ತಿರುವ ವ್ಯಾಪಾರಿ ರಿಂಗೋ ಹತ್ತಿರ ‘ಸಿದ್ಧ’ ಎನ್ನುವ ಮೊದಲು, ಬೇರೆ ಸ್ಲಾಟ್‌ನಲ್ಲಿ ಒಂದು ಕೈ ಸೇವ್ ಇಟ್ಟುಕೊಳ್ಳಿ.