ಎರಡನೇ ಬೆರಳು ಡೊಂಕಾಗಿದೆ, ಗಮ್‌ಬೂಟ್ ಹಾಕೋಕಾಗ್ತಿಲ್ಲ

ಪ್ರಶ್ನೆ (ಮೂಡಿಗೆರೆಯಿಂದ): ಅಮ್ಮನ ಬಲಗಾಲಿನ ಎರಡನೇ ಬೆರಳು ನಡುಗೆಣ್ಣಲ್ಲಿ ಮೇಲೆದ್ದು, ತುದಿ ಕೆಳಕ್ಕೆ ಬಗ್ಗಿದೆ. ಗೆಣ್ಣಿನ ಮೇಲೆ ಆಣಿ. ತೋಟಕ್ಕೆ ಗಮ್‌ಬೂಟ್ ಹಾಕಿದ್ರೆ ಉರಿ. ಆಪರೇಷನ್ ಬೇಕೇ ಬೇಕಾ?

ಉತ್ತರ 1: ಇದು ಹ್ಯಾಮರ್‌ಟೋ ಇದ್ದಂಗಿದೆ. ಬೆರಳನ್ನ ಕೈಯಲ್ಲಿ ಮೆಲ್ಲಗೆ ನೇರ ಮಾಡಿ ನೋಡಿ. ನೇರವಾದ್ರೆ ಕೀಲು ಇನ್ನೂ ಸೆಟೆದಿಲ್ಲ, ಬೂಟು ಬದಲಿಸಿದ್ರೇ ಅರ್ಧ ನೋವು ಹೋಗುತ್ತೆ. ಉದ್ದದ ಬೆರಳಿನ ಮುಂದೆ ಅರ್ಧ ಇಂಚು ಜಾಗ ಇರಲಿ, ಮುಂಭಾಗ ಅಗಲ, ಎತ್ತರ ಇರಲಿ. ಸಂಜೆ ಪಾದ ಊದಿರುತ್ತೆ, ಆಗಲೇ ದಪ್ಪ ಕಾಲುಚೀಲ ಹಾಕಿ ಅಳತೆ ನೋಡಿ. ಹಾಗಂತ ಎರಡು ಸೈಜ್ ದೊಡ್ಡದು ತರಬೇಡಿ. ಕಾಲು ಜಾರುತ್ತೆ, ಬೆರಳು ನೆಲ ಕಚ್ಚಿ ಇನ್ನೂ ಬಗ್ಗುತ್ತೆ.

ಉತ್ತರ 2: ಕಾಲುಂಗುರ ಆ ಬೆರಳಲ್ಲೇ ಇದ್ರೆ ಸದ್ಯಕ್ಕೆ ತೆಗೆಸಿ. ಟೇಪನ್ನ ಹೆಬ್ಬೆರಳಿನ ಅಡಿಯಿಂದ, ಎರಡನೆಯದರ ಮೇಲಿಂದ, ಮೂರನೆಯದರ ಅಡಿಗೆ ಹಾಯಿಸಿ. ಬೆರಳು ನೀಲಿಯಾದ್ರೆ ತಕ್ಷಣ ಬಿಚ್ಚಿ. ದಿನಾ ನೆಲದ ಮೇಲೆ ಟವೆಲ್ ಹಾಸಿ ಬೆರಳಲ್ಲೇ ಮುದುರಿ ಎಳೆಯಲಿ.

ಉತ್ತರ 3: ಆಣಿಗೆ ಬ್ಲೇಡ್ ಬೇಡ. ಸಕ್ಕರೆ ಕಾಯಿಲೆ ಇದ್ರೆ ಆಣಿ ಪ್ಲಾಸ್ಟರ್ ಕೂಡ ಬೇಡ, ಅದರಲ್ಲಿರೋ ಸ್ಯಾಲಿಸಿಲಿಕ್ ಆಸಿಡ್ ಹುಣ್ಣು ಮಾಡುತ್ತೆ. ಕೀಲು ಸೆಟೆದು, ಬೂಟು ಬದಲಿಸಿದ್ರೂ ನೋವು ನಿಲ್ಲದಿದ್ರೆ ಮಾತ್ರ ಆಪರೇಷನ್: ಗೆಣ್ಣಿನ ಮೂಳೆ ಸ್ವಲ್ಪ ಕತ್ತರಿಸಿ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ತಂತಿ ಹಾಕಿಡ್ತಾರೆ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮೂಳೆ ವಿಭಾಗಕ್ಕೆ ತೋರಿಸಿ, ಹಳೇ ಬೂಟೂ ಒಯ್ಯಿರಿ.